ಹೂವಪ್ಪನ ಮಗ್ಗದಲ್ಲಿ ಬಿಟ್ಟಿದ್ದ ಹಳೆಯ ಎಳೆ

೧೯೫೬ನೆಯ ಇಸವಿ ನವೆಂಬರ್ ಹತ್ತೊಂಬತ್ತು, ಸೋಮವಾರ. ಮುಂಜಾನೆ ಹತ್ತು ಗಂಟೆಯ ಸುಮಾರಿಗೆ, ಯಜಮಾನ ಊರಲ್ಲಿಲ್ಲದ ವೇಳೆ ನೋಡಿ, ಗಜೇಂದ್ರಗಡದ ನೇಕಾರರ ಸಂಘದ ಇಬ್ಬರು ಆಳುಗಳು ಹೂವಪ್ಪನ ಮನೆ ಹೊಕ್ಕರು. ಮಗ್ಗದಲ್ಲಿ ಬಿಟ್ಟಿದ್ದ ಹಳೆಯ ಎಳೆಗಳನ್ನು ಎರಡೂ ಬದಿಗೆ ಕತ್ತರಿಸಿ, ಎಳೆ ಹಾಯಿಸುವ ಬಾಚಣಿಗೆಯಂಥ ಹಣಿಗೆಯನ್ನು ಹೊತ್ತುಕೊಂಡು ಹೋದರು.

ನೇಯ್ಗೆ ಅರಿಯದವರಿಗೆ ಇದು ಸಣ್ಣ ಸಂಗತಿ. ಒಂದು ಹಾಸು, ಅಂದರೆ ಮಗ್ಗಕ್ಕೇರಿಸಿದ ಉದ್ದೆಳೆಗಳ ಒಂದು ಕಂತು, ನೇಯ್ದು ಮುಗಿದಾಗ ನೇಕಾರನು ಕೊನೆಯ ಗೇಣುದ್ದದ ಎಳೆಗಳನ್ನು ಹಣಿಗೆಯಲ್ಲಿಯೇ ಬಿಡುತ್ತಾನೆ. ಹೊಸ ಹಾಸು ಬಂದಾಗ ಹಳೆಯ ತುದಿಗೆ ಹೊಸ ತುದಿ ಕೂಡಿಸಿ ಗಂಟು ಹಾಕುತ್ತಾರೆ. ಇಬ್ಬರು ಎದುರುಬದುರು ಕುಳಿತರೆ ಒಂದೇ ದಿನದಲ್ಲಿ ಎರಡು ಸಾವಿರದ ಎಂಟುನೂರು ಎಳೆ ಕೂಡುತ್ತವೆ; ಹಳೆಯ ಎಳೆ ಇಲ್ಲವಾದರೆ ಒಂದೊಂದನ್ನೂ ಹಣಿಗೆಯಲ್ಲಿ ಹೊಸದಾಗಿ ಪೋಣಿಸಬೇಕು. ಎಳೆ ಇರುವ ಮಗ್ಗವೆಂದರೆ ಒಡೆಯನು ಮರಳಿ ಬಂದು ಕೂರುವ ಮಗ್ಗವೆಂದೇ ಆ ಓಣಿಯಲ್ಲಿ ಅರ್ಥ. ಸತ್ತವನ ಮಗ್ಗದ ಎಳೆಯನ್ನು ಕೂಡ ಹನ್ನೊಂದು ದಿನ ಮುಗಿಯುವತನಕ ಯಾರೂ ಮುಟ್ಟುವುದಿಲ್ಲ. ಹೂವಪ್ಪನಾದರೋ ಬದುಕಿದ್ದನು; ಇಪ್ಪತ್ತು ಮೈಲಿಯೊಳಗೆ, ರೋಣದಲ್ಲಿದ್ದನು.

ರೋಣಕ್ಕೆ ಹೋಗಿದ್ದ ಕಾರಣವನ್ನೂ ಹೇಳಬೇಕು. ಯುದ್ಧದ ಕಾಲದಲ್ಲಿ, ೧೯೪೩ರಿಂದ ೧೯೪೬ರವರೆಗೆ, ಹೂವಪ್ಪ ಸೈನ್ಯ ಸೇರಿ, ಅಂಬಾಲೆಯಲ್ಲಿ ವಿಮಾನದ ರೆಕ್ಕೆಗಳಿಗೆ ಬಟ್ಟೆ ಹೊಲಿಯುವ ಕೆಲಸದಲ್ಲಿದ್ದನು. ಆಗಿನ ಸಣ್ಣ ವಿಮಾನಗಳ ರೆಕ್ಕೆ ಕಟ್ಟಿಗೆಯ ಹಂದರ. ಮೇಲೆ ಬಿಗಿದ ಬಟ್ಟೆ. ಗೇಣುದ್ದದ ಸೂಜಿಯನ್ನು ಮೇಲಿನಿಂದ ಕೆಳಕ್ಕೆ ಹಾಯಿಸಿ, ಎರಡೂವರೆ ಅಂಗುಲಕ್ಕೊಂದು ಗಂಟು ಹಾಕಿ, ಮೇಲೆ ಅರಗಿನಂಥ ಲೇಪ ಬಳಿಯಬೇಕು. ಒಣಗಿದ ಮೇಲೆ ಮೇಲ್ವಿಚಾರಕ ಸಾವಂತನು ಬೆರಳಿನಿಂದ ಬಡಿದು ನೋಡುತ್ತಿದ್ದನು. ಬಾರಿಸುವ ಹಲಗೆಯ ಹಾಗೆ ನುಡಿದರೆ ಪಾಸು. ಹೂವಪ್ಪನ ರೆಕ್ಕೆ ನುಡಿಯದೆ ಉಳಿದದ್ದಿಲ್ಲ.

ಅದೇ ಸಾವಂತನು ಪುಣೆಯ ಹೊರಗೆ ಹಗುರ ವಿಮಾನ ಕಟ್ಟುವ ಒಂದು ಸಣ್ಣ ಕಂಪನಿಯನ್ನು ಸೇರಿ, ಕಾಗದ ಬರೆದಿದ್ದನು; ಅದು ಅಕ್ಟೋಬರ್ ಇಪ್ಪತ್ತಾರರಂದು ಕೈಸೇರಿತ್ತು. ಜಾಗ ಒಂದಿದೆ, ಒಬ್ಬನೇ ಬರಬೇಕು, ಇಬ್ಬರಿಗೆ ಕೋಣೆಯಿಲ್ಲ, ನವೆಂಬರ್ ಇಪ್ಪತ್ತೈದರೊಳಗೆ ಉತ್ತರ ಬೇಕು.

ಹೂವಪ್ಪ ಆ ಕಾಗದವನ್ನು ಅಂಗಿಯ ಕಿಸೆಯಲ್ಲಿ ಮಡಚಿ ಮಡಚಿ ಹರಿಯುವ ಹಾಗೆ ಮಾಡಿದನು. ಸಂಘದಿಂದ ನೂಲು ಬರುವುದು ತಡವಾಗುತ್ತಲೇ ಇತ್ತು. ನವೆಂಬರ್ ಏಳರಂದು ಹಾಸು ಮುಗಿದ ಮೇಲೆ ಹೊಸದು ಬಂದಿರಲೇ ಇಲ್ಲ. ಪುಣೆಗೆ ಹೋದರೆ ಕೈಗೆ ಕೆಲಸವಿದೆ. ಆದರೆ ಆ ಲೇಪದ ಘಾಟಿಗೆ ಅಂಬಾಲೆಯಲ್ಲಿ ಮೂರು ವರ್ಷ ತಲೆ ಸಿಡಿದದ್ದನ್ನು ಅವನು ಮರೆತಿರಲಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಹೆಂಡತಿ ಕಳಕವ್ವನೊಬ್ಬಳನ್ನೇ ಬಿಡುವುದು ಹೇಗೆ ಎಂಬ ಚಿಂತೆ ಬೇರೆ. ಬೇಡವೆಂದೂ ಬರೆಯಲಾರ, ಬರುತ್ತೇನೆಂದೂ ಬರೆಯಲಾರ.

ಸೋಮವಾರ ನಸುಕಿನಲ್ಲಿ, ಪುಣೆಯ ಕೆಲಸಕ್ಕೆ ಬೇಕಾದ ಸೈನ್ಯದ ಬಿಡುಗಡೆ ಪತ್ರದ ನಕಲಿಗೆ ಮಾಮಲೇದಾರ ಕಚೇರಿಯಲ್ಲಿ ಸಹಿ ಹಾಕಿಸಬೇಕೆಂದು ಹೊರಟವನಿಗೆ ಕಳಕವ್ವ ಬುತ್ತಿ ಕಟ್ಟಿದಳು.

"ಸಹಿ ಹಾಕಿಸ್ಕೊಂಡ ಬರ್ರಿ. ನಾ ಬ್ಯಾಡನ್ನಂಗಿಲ್ಲ," ಎಂದಳು.

"ಮತ್ತ ಮಾರಿ ಯಾಕ ಹಂಗ ಮಾಡಿ?"

"ಏನಿಲ್ಲ. ಹಾಸು ಬಂದ್ರ ನಾ ಈ ಕಡಿ ಎಳಿ ಹಿಡ್ಕೊಂಡ ಕುಂತಿರತೇನಿ. ಆ ಕಡಿ ಯಾರ ಕುಂಡ್ರತಾರ ಅಂತ ನೋಡಾಕತ್ತೇನಿ."

ಬಸ್ಸಿನ ದಾರಿಯುದ್ದಕ್ಕೂ ಆ ಮಾತು ಅವನೊಡನೆ ಬಂದಿತು. ಸೂಡಿಯ ತಿರುವು ದಾಟಿತು, ಎರೆಹೊಲಗಳು ದಾಟಿದವು, ಮಾತು ಇಳಿಯಲಿಲ್ಲ. ರೋಣದಲ್ಲಿ ಇಳಿದವನು ಕಚೇರಿಯ ಮೆಟ್ಟಿಲು ಹತ್ತಲೇ ಇಲ್ಲ. ನೇರವಾಗಿ ಅಂಚೆ ಕಚೇರಿಗೆ ಹೋಗಿ ಕಾರ್ಡು ಕೊಂಡು, ಉಪಕಾರವಾಯಿತು, ಬರಲಾರೆ, ಬೇರೆಯವರನ್ನು ಕರೆಯಿರಿ ಎಂದು ಸಾವಂತನಿಗೆ ಬರೆದು ಪೆಟ್ಟಿಗೆಗೆ ಹಾಕಿದನು. ಅಂಚೆ ಕಚೇರಿಯ ಗಡಿಯಾರದಲ್ಲಿ ಆಗ ಹತ್ತೂ ಕಾಲು. ಇಪ್ಪತ್ನಾಲ್ಕು ದಿನಗಳ ಮೇಲೆ ಅವನ ಎದೆ ಹಗುರಾದದ್ದು ಅಂದೇ.

ಮಧ್ಯಾಹ್ನ ಗಜೇಂದ್ರಗಡದಲ್ಲಿ ಬಸ್ಸಿಳಿದಾಗ, ನೂಲಿಗೆ ಬಣ್ಣ ಹಾಕುವ ನೆರೆಮನೆಯ ಅಲ್ಲಾಸಾಬ ಕಾಯುತ್ತ ನಿಂತಿದ್ದನು. ಕೈಯೆಲ್ಲ ನೀಲಿಯಾಗಿತ್ತು, ತೊಳೆದುಕೊಳ್ಳದೆ ಬಂದಿದ್ದನು.

"ಹೂವಪ್ಪಣ್ಣ, ಲಗೂ ನಡಿ. ಹಣಗಿ ಒಯ್ದಾರ."

"ಯಾರದು?"

"ನಿಂದ. ಕಳಕವ್ವಕ್ಕ ಅಡ್ಡ ನಿಂತ್ಲು, ಸರಿಸಿ ಹಾಕಿದ್ರು. ಎಳಿ ಕತ್ತರಿಸ್ಯಾರ."

ಮನೆಯಲ್ಲಿ ಕಳಕವ್ವ ನೆಲದ ಮೇಲೆ ಬಿದ್ದ ತುಂಡೆಳೆಗಳನ್ನು ಆಯ್ದು ಉಡಿಯಲ್ಲಿ ಹಾಕಿಕೊಂಡು ಕುಳಿತಿದ್ದಳು. ಗಂಡನನ್ನು ನೋಡಿ, "ಸಹಿ ಆತೇನ್ರಿ?" ಎಂದಷ್ಟೇ ಕೇಳಿದಳು. ಕಾರ್ಡಿನ ಸುದ್ದಿಯನ್ನು ಅವನು ಆ ದಿನ ಅವಳಿಗೆ ಹೇಳಲಾರದಾದನು.

ಮರುದಿನ ಸಂಘದ ಕಚೇರಿಗೆ ಹೋದನು. ಕಾರ್ಯದರ್ಶಿ ಮಹಾಲಿಂಗಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಬಾರಪಾ, ವಿಮಾನದ ಸಾಹೇಬ. ಇನ್ನಾ ಹಾರಿಲ್ಲ?"

"ನಾ ಹೋಗಂಗಿಲ್ರಿ. ನಿನ್ನೆನ ರೋಣದಾಗ ಕಾರ್ಡ ಹಾಕಿ ಬಂದೇನ್ರಿ."

"ಅದು ನಮಗೇನ ಗೊತ್ತು? ಊರೆಲ್ಲಾ ನೀ ಹೊಂಟಿ ಅಂತು. ಬಿಟ್ಟ ಮಗ್ಗದ ಹಣಗಿ ಸಂಘದ್ದು."

"ಎಳಿ ಇದ್ದೂವಲ್ರಿ ಅದರಾಗ. ಎಳಿ ಇರೂ ಮಗ್ಗ ಬಿಟ್ಟ ಮಗ್ಗ ಹ್ಯಾಂಗ ಆಕ್ಕೈತ್ರಿ?"

ಮಹಾಲಿಂಗಪ್ಪ ಎಲೆ ಮಡಚಿ ಬಾಯಿಗಿಟ್ಟುಕೊಂಡರು. "ಎಳಿ ಈಗ ಎಲ್ಲದಾವ?" ಎಂದರು.

ಹಣಿಗೆ ಅದೇ ಸಂಜೆ ಕಾರ್ಯದರ್ಶಿಯವರ ಷಡ್ಡಕನ ಮಗ್ಗ ಸೇರಿತು. ಹೂವಪ್ಪನ ಪಾಲಿನ ನೂಲೂ ಸೇರಿತು. ಹೂವಪ್ಪ ಈಗ ಬರುತ್ತೇನೆಂದು ಸಾವಂತನಿಗೆ ಎರಡನೆಯ ಕಾರ್ಡು ಬರೆದನು. ಡಿಸೆಂಬರ್ ಐದರಂದು ಉತ್ತರ ಬಂದಿತು: ನಿನ್ನ ಮೊದಲ ಕಾರ್ಡು ಬಂದ ದಿನವೇ ಮಿರಜಿನವನೊಬ್ಬನನ್ನು ತೆಗೆದುಕೊಂಡೆವು.

ಈಗ ಹೂವಪ್ಪ ನಸುಕಿನಲ್ಲಿ ಓಣಿಯಲ್ಲಿ ಬೇರೆಯವರ ಹಾಸುಗಳಿಗೆ ಗಂಜಿ ಬಳಿಯುತ್ತಾನೆ. ಕಳಕವ್ವ ಬೇರೆಯವರ ನೂಲು ಸುತ್ತುತ್ತಾಳೆ. ನೇಕಾರ ಕಾಲಿಳಿಬಿಟ್ಟು ಕೂರುವ ಮಗ್ಗದ ಕುಣಿಗೆ ಹಲಗೆ ಮುಚ್ಚಿದೆ. ಒಂದು ಸಂಜೆ ಅವನು ಆ ಹಲಗೆಯನ್ನು ಬೆರಳಿನಿಂದ ಬಡಿದು, ಕಿವಿಗೊಟ್ಟು ಕೇಳುತ್ತ ಕುಳಿತದ್ದನ್ನು ಅಲ್ಲಾಸಾಬ ಕಂಡಿದ್ದಾನೆ. ಉಡಿಯಲ್ಲಿ ಆಯ್ದ ಎಳೆಗಳು ಗಂಟು ಕಟ್ಟಿ ಗೂಟಕ್ಕೆ ತೂಗುಬಿದ್ದಿವೆ. ಅವುಗಳಿಂದ ಇನ್ನೇನೂ ಆಗದೆಂದು ಇಬ್ಬರಿಗೂ ಗೊತ್ತು.

ಸಂಘದ ಅಧ್ಯಕ್ಷರೇ, ಕಾರ್ಯದರ್ಶಿ ಮಹಾಲಿಂಗಪ್ಪನವರೇ, ಹಣಿಗೆ ಹಿಂದಕ್ಕೆ ಪಡೆಯುವ ನಿಮ್ಮ ಒಂಬತ್ತನೆಯ ನಿಯಮವು ಮೂವತ್ತು ದಿನ ನಿಂತ ಮಗ್ಗಕ್ಕೆ ಮಾತ್ರ ಅನ್ವಯಿಸುತ್ತದೆ. ಹೂವಪ್ಪನ ಮಗ್ಗ ನಿಂತದ್ದು ಹನ್ನೆರಡು ದಿನ. ನಿಂತದ್ದೂ ನೀವು ನೂಲು ಕೊಡದ ಕಾರಣದಿಂದ. ಹೋಗಬೇಕೋ ಬೇಡವೋ ಎಂದು ಯೋಚಿಸುವುದು ಯಾವ ನಿಯಮದಲ್ಲಿಯೂ ಅಪರಾಧವಲ್ಲ. ೧೯೫೭ರ ಜನವರಿ ಮೂವತ್ತೊಂದರೊಳಗೆ ಅವನ ಹಣಿಗೆಯನ್ನೂ ನೂಲನ್ನೂ ಅವನ ಮನೆಗೆ ಮುಟ್ಟಿಸಿರಿ. ಎಳೆ ಕತ್ತರಿಸಿದ ಆ ಇಬ್ಬರನ್ನೇ ಕಳುಹಿಸಿ, ಎರಡು ಸಾವಿರದ ಎಂಟುನೂರು ಎಳೆಗಳನ್ನೂ ಹಣಿಗೆಯಲ್ಲಿ ಒಂದೊಂದಾಗಿ ಪೋಣಿಸಿ ಕೊಡಿಸಿರಿ. ಕೊಡಲಾಗದೆಂದಾದರೆ, ಯಾವ ಅಧಿಕಾರದಿಂದ ಕತ್ತರಿಸಿದಿರೆಂದು ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ, ಸಂಘದ ಬಾಗಿಲಿಗೆ ಅಂಟಿಸಿರಿ.