ಝಾಸ್ಟ್ರೋ ಆರಿಸಿದ ಪ್ರೊಪೆಲ್ಲರ್‌ಗಳು

ವಿಸ್ಕಾನ್ಸಿನ್ನಿನಲ್ಲಿರುವ ನಮ್ಮ ಟ್ಯಾಮರ್ಯಾಕ್ ಕೆರೆಯ ದಂಡೆಯಲ್ಲಿ ಆರಿನ್ ಝಾಸ್ಟ್ರೋನಷ್ಟು ಬಾಯಿಬಡುಕ ಇನ್ನೊಬ್ಬ ಇರಲಿಲ್ಲ. ಊರೊಳಗೆ ಅವನದೊಂದು ಜಮಖಾನೆ ಅಂಗಡಿ. ಬೇಸಿಗೆ ಬಂತೆಂದರೆ ಅಂಗಡಿಯನ್ನು ಹೆಂಡತಿ ಡಾರ್ಲೀನಳ ತಲೆಗೆ ಕಟ್ಟಿ, ತಾನು ನೀರ ಮೇಲೆ ಜಾರುವ ಸ್ಕೀ ಕ್ಲಬ್ಬಿನ ದೋಣಿ ಓಡಿಸಲು ಬಂದು ಕೂರುತ್ತಿದ್ದ. ಬಿಳಿ ಪ್ಯಾಂಟು, ತಲೆಗೆ ಕಪ್ತಾನನ ಟೋಪಿ. ಸಮುದ್ರವನ್ನು ಕಣ್ಣಿಂದ ಕಂಡವನಲ್ಲ.

ಅದೇ ದೋಣಿಯಲ್ಲಿ ಹಿಂದಕ್ಕೆ ಮುಖ ಮಾಡಿ ಕೂತು, ಹಗ್ಗ ಹಿಡಿದು ಬರುವವರ ಮೇಲೆ ಕಣ್ಣಿಡುವುದು ನನ್ನ ಕೆಲಸ. ಹಾಗಾಗಿ ಎಲ್ಲವನ್ನೂ ಕಂಡವಳು ನಾನೇ.

ನಮ್ಮ ಆಟದ ದೊಡ್ಡ ಗತ್ತೆಂದರೆ ಗೋಪುರ. ಮೂವರು ನೀರಿನಿಂದೆದ್ದು ಸ್ಕೀ ಮೇಲೆ ನಿಲ್ಲಬೇಕು, ಅವರ ಹೆಗಲಿಗೆ ಇಬ್ಬರು ಹತ್ತಬೇಕು, ತುದಿಗೆ ಡಾರ್ಲೀನ್. ಅಷ್ಟೂ ಜನರನ್ನು ನೀರಿನಿಂದ ಕಿತ್ತೆತ್ತುವುದಕ್ಕೆಂದೇ ದೋಣಿಗೆ ನಾಲ್ಕು ರೆಕ್ಕೆಯ, ರೆಕ್ಕೆಗಳ ಓರೆ ಕಡಿಮೆ ಇದ್ದ ಪ್ರೊಪೆಲ್ಲರ್ ಹಾಕಿದ್ದರು. ಓಟ ಸಾಧಾರಣ, ಎಳೆತ ಮಾತ್ರ ಎತ್ತಿನಂಥದ್ದು.

ಒಂದು ಭಾನುವಾರ ಆಚೆ ದಂಡೆಯ ಹಲ್ಲಿನ ಡಾಕ್ಟರೊಬ್ಬ ತನ್ನ ದೋಣಿಯಲ್ಲಿ ಆರಿನ್‌ನನ್ನು ಹಿಂದೆ ಹಾಕಿ ಕೈ ಬೀಸಿಕೊಂಡು ಹೋದ. ಆರಿನ್‌ಗೆ ಅಷ್ಟು ಸಾಕಾಯಿತು. ಮರುವಾರವೇ ಮೂರು ರೆಕ್ಕೆಯ, ತುಂಬ ಓರೆಯಿದ್ದ, ಕನ್ನಡಿಯಂತೆ ಹೊಳೆಯುವ ಪ್ರೊಪೆಲ್ಲರೊಂದನ್ನು ತಂದು ಯಾರನ್ನೂ ಕೇಳದೆ ಹಾಕಿಬಿಟ್ಟ.

ಡಾರ್ಲೀನಳ ಅಕ್ಕ ಲವಾನ್ ಶಾಲೆಯಲ್ಲಿ ಅಡುಗೆ ಮಾಡುವವಳು, ಗೋಪುರದ ಬುಡದಲ್ಲಿ ನಿಲ್ಲುವವಳು. ಅವಳು ಬಗ್ಗಿ ನೋಡಿದಳು.

"ನೀನೊಬ್ಬನೇ ಕೂತು ಮೆರೆಯೋಕೆ ಇದು ಚೆನ್ನಾಗಿದೆ. ನಾವೆಲ್ಲ ಹಿಂದೆ ನೇತಾಡ್ತಿದ್ರೆ ಇದರ ಕೈಲಿ ಎಬ್ಬಿಸೋಕಾಗಲ್ಲ. ಲೋಡ್ ಲಾರೀನ ಟಾಪ್ ಗೇರಲ್ಲಿ ಎಬ್ಬಿಸಿದ ಹಾಗಾಗತ್ತೆ."

"ನೀನು ಹೋಗಿ ಆಲೂಗಡ್ಡೆ ಬೇಯಿಸು ಲವಾನ್. ಎಂಜಿನ್ ವಿಷಯ ನಂಗಿರ್ಲಿ."

"ಆಯ್ತಪ್ಪ. ನಮ್ಮನ್ನೆಲ್ಲ ಕಟ್ಕೊಂಡು ಒಂದ್ಸಲ ಪೂರ್ತಿ ಥ್ರಾಟಲ್ ಕೊಟ್ಟು, ಎಂಜಿನ್ ಎಷ್ಟು ಸುತ್ತತ್ತೆ ಅಂತ ತೋರಿಸೋ ಆ ಮುಳ್ಳು ನೋಡು. ಎಂಜಿನ್ ತಾನು ಸುತ್ತಬೇಕಾದಷ್ಟು ಸುತ್ತಲಿಲ್ಲ ಅಂದ್ರೆ ಓರೆ ಜಾಸ್ತಿ ಆಯ್ತು ಅಂತ."

"ಆ ಮುಳ್ಳೇ ಸರಿಯಿಲ್ಲ," ಎಂದ ಆರಿನ್.

ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಪ್ರದರ್ಶನ. ದಂಡೆಯ ತುಂಬ ಜನ, ಕೈಯಲ್ಲಿ ಬಿಯರು, ಬನ್ನಿನೊಳಗೆ ಸಾಸೇಜು. ಆರಿನ್ ಥ್ರಾಟಲ್ ಒತ್ತಿದ. ಎಂಜಿನ್ ಕೆಮ್ಮು ಹಿಡಿದ ಮುದುಕನಂತೆ ಉಸಿರುಗಟ್ಟಿತು, ಮುಳ್ಳು ಅರ್ಧಕ್ಕೇ ನಿಂತಿತು. ಹಿಂದೆ ಲವಾನ್ ಮತ್ತಿಬ್ಬರು ನೀರಲ್ಲಿ ತೋಳು ಕೀಳುವಂತೆ ಎಳೆಸಿಕೊಂಡು ಬಂದು, ಹೇಗೋ ಎದ್ದರು. ಗೋಪುರವೂ ನಿಂತಿತು. ತಿರುವಿನಲ್ಲಿ ವೇಗ ಕುಸಿಯಿತು.

"ಆರಿನ್, ಮುಳುಗ್ತಿದ್ದಾರೆ," ಎಂದೆ. ಅವನು ದಂಡೆಯವರಿಗೆ ಟೋಪಿ ಎತ್ತುತ್ತಿದ್ದ.

ಬುಡದವರ ಸ್ಕೀಗಳು ನೀರಿಗೆ ಇಳಿದವು, ಗೋಪುರ ಮಡಚಿಕೊಂಡಿತು. ಡಾರ್ಲೀನ್ ಎಲ್ಲರಿಗಿಂತ ಮೇಲಿಂದ ಬಿದ್ದಳು. ಕೆಳಗಿದ್ದವರ ಸ್ಕೀ ತಗುಲಿ ಅವಳ ಹೆಗಲ ಮುಂದಿನ ಕೊರಳೆಲುಬು ಮುರಿಯಿತು.

ಆಸ್ಪತ್ರೆಯಲ್ಲಿ ಆ ಮನುಷ್ಯ ಮಂಚದ ಪಕ್ಕ ನಿಂತು ಆಡಿದ ಮೊದಲ ಮಾತು ಇದು: "ನೀನು ಎಡಕ್ಕೆ ವಾಲಿದೆ ಡಾರ್ಲೀನ್. ದಂಡೇಲಿದ್ದೋರೆಲ್ಲ ನೋಡಿದ್ರು."

ಜಗಳವಾಡುವ ಹೆಂಗಸಲ್ಲ ಡಾರ್ಲೀನ್. "ನಿನ್ನ ಟೋಪೀನೂ ನೋಡಿದ್ರು. ನೀನು ಮನೆಗೆ ಹೋಗು. ನಾನು ಅಕ್ಕನ ಮನೇಲಿರ್ತೀನಿ."

ಕ್ಲಬ್ಬಿನವರು ಅವನನ್ನು ದೋಣಿಯಿಂದಿಳಿಸಿ ಲವಾನಳನ್ನು ಕೂರಿಸಿದರು. ಹೊಳೆಯುವ ಪ್ರೊಪೆಲ್ಲರನ್ನು ಬಿಚ್ಚಿ ಹಳೆಯದನ್ನೇ ಹಾಕಿದರು. ಮಾನವಂತನಾಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದ. ಆರಿನ್ ನಮಗೆ ಬುದ್ಧಿ ಕಲಿಸಲೆಂದು ಯಾರೋ ಓಡಿಸಿ ಹಳತಾದ ಸ್ಕೀ ದೋಣಿಯೊಂದನ್ನು ಕೊಂಡ. ಅದರ ಪ್ರೊಪೆಲ್ಲರಿನ ರೆಕ್ಕೆ ಕಲ್ಲಿಗೆ ಬಡಿದು ಬಾಗಿತ್ತು. ಹೊಸದನ್ನು ಫೋನಿನಲ್ಲಿ ತರಿಸುವಾಗ ನಾನು ಕಾಲೊರಸು ಕೊಳ್ಳಲು ಅವನ ಅಂಗಡಿಗೆ ಹೋಗಿದ್ದೆ. ಆ ಕಡೆಯವನು ಏನೋ ಕೇಳಿದ.

"ಪ್ರೊಪೆಲ್ಲರ್ ಸುತ್ತಿಸೋ ಶಾಫ್ಟ್ ಯಾವ ಕಡೆ ತಿರುಗುತ್ತೆ ಅಂತಲಾ? ಬಲಕ್ಕೆ. ಇನ್ಯಾವ ಕಡೆ ತಿರುಗುತ್ತೆ?"

"ಹೋಗಿ ನೋಡಿ ಹೇಳಬಾರದಾ?" ಎಂದೆ.

"ನಂಗೇ ಹೇಳ್ಕೊಡ್ತೀಯಾ," ಎಂದು ನಕ್ಕ. ನಾನು ಕಾಲೊರಸು ಅಲ್ಲೇ ಬಿಟ್ಟು ಬಂದೆ.

ಒಂದು ಶುಕ್ರವಾರ ಸಂಜೆ ಊರಿಗೆ ಊರೇ ಕರಿದ ಮೀನು ತಿನ್ನಲು ಕೆರೆಯಂಚಿನ ಹೋಟೆಲಿನಲ್ಲಿ ಸೇರಿತ್ತು. ಆ ಹೊತ್ತಿಗೇ ಸರಿಯಾಗಿ ಆರಿನ್ ಹೊಸ ಪ್ರೊಪೆಲ್ಲರ್ ಹಾಕಿದ ದೋಣಿಯನ್ನು ಟ್ರೇಲರಿನಿಂದ ಕೆರೆಗಿಳಿಸಿ, ಹೋಟೆಲಿನ ದೋಣಿಕಟ್ಟೆಯೆದುರು ಹುಟ್ಟು ಹಾಕಿಕೊಂಡು ತಂದ. ಮೊದಲ ಓಟ ಎಲ್ಲರೆದುರೇ ಆಗಬೇಕಲ್ಲ. ಎಂಜಿನ್ ಹಚ್ಚಿ, ನಮ್ಮತ್ತ ಒಮ್ಮೆ ನೋಡಿ, ಗೇರನ್ನು ಮುಂದಕ್ಕೆ ತಳ್ಳಿದ. ದೋಣಿ ಹಿಂದಕ್ಕೆ ಬಂತು. ಅವನದು ಎಡಕ್ಕೆ ತಿರುಗುವ ಶಾಫ್ಟ್, ಹಾಕಿದ್ದು ಬಲಕ್ಕೆ ತಿರುಗುವ ಪ್ರೊಪೆಲ್ಲರ್. ಅರ್ಥವಾಗದೆ ಇನ್ನಷ್ಟು ಒತ್ತಿದ. ದೋಣಿಯ ಹಿಂಬದಿ ಹೋಗಿ ಕಟ್ಟೆಯ ಕಂಬಕ್ಕೆ ಬಡಿದು, ಈಜುವವರು ಹತ್ತಲೆಂದು ಅದಕ್ಕಿದ್ದ ಹಲಗೆ ಎರಡು ತುಂಡಾಯಿತು.

ಲವಾನ್ ತಟ್ಟೆ ಹಿಡಿದೇ ಅಂಚಿಗೆ ಬಂದಳು. "ಎಲ್ಲಿಗೆ ಹೊರಟೆ ಆರಿನ್?"

"ಗೇರ್ ಕೆಟ್ಟಿದೆ," ಎಂದ ಅವನು.

ಜನ ನಗುತ್ತಲೇ ಇದ್ದರು. ಡಾರ್ಲೀನ್ ಎದ್ದು ಬಂದು, ಕೊರಳಿಗೆ ಕಟ್ಟಿದ್ದ ಕೈ ಬಿಟ್ಟು ನೆಟ್ಟಗಿದ್ದ ಕೈಯಿಂದಲೇ ಅವನ ಹಗ್ಗ ಹಿಡಿದು ಗೂಟಕ್ಕೆ ಸುತ್ತಿ ತನ್ನ ಮೇಜಿಗೆ ವಾಪಸಾದಳು. ಆರಿನ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ನನಗೂ ಅಯ್ಯೋ ಅನ್ನಿಸಿತು. ಅಷ್ಟರಲ್ಲಿ ಅವನು ನನ್ನತ್ತ ತಿರುಗಿ, "ಆ ಅಂಗಡಿಯವನಿಗೆ ಎಡ ಯಾವುದು ಬಲ ಯಾವುದು ಗೊತ್ತಿಲ್ಲ," ಎಂದ. ಬಂದ ಕರುಣೆ ಬಂದ ದಾರಿಯಲ್ಲೇ ಹೋಯಿತು.

ಡಾರ್ಲೀನ್ ಅವನ ಮನೆಗೆ ಮರಳಲಿಲ್ಲ. ಚಳಿಗಾಲ ಕಳೆದು ಮಂಜುಗಡ್ಡೆ ಕರಗಿದ ಮೇಲೆ ಅಭ್ಯಾಸಕ್ಕೆ ಬಂದಳು. ಅಕ್ಕ ದೋಣಿ ಓಡಿಸಿದಳು. ಡಾರ್ಲೀನ್ ಮೊದಲ ದಿನ ಇಬ್ಬರ ಹೆಗಲು ಮುಟ್ಟಿ ಹೆದರಿ ಇಳಿದುಬಿಟ್ಟಳು. ಇನ್ನೊಂದು ದಿನ ತುದಿಗೇರಿ ಎರಡೂ ಕೈ ಬಿಟ್ಟು ನಿಂತಳು.