ಕಾವಿಗೆ ಕೂಡಿಸಿದ ಕೈ

ನಮ್ಮ ಹನ್ನೊಂದು ಕೋಳಿಗಳನ್ನು ಕೊಂದದ್ದು ಮುಂಗುಸಿಯೇ. ಆದರೆ ಅವನ್ನು ಅದರ ಮುಂದಕ್ಕೆ ದಬ್ಬಿದವಳು ನಾನು. ಇಷ್ಟು ವರ್ಷ ಈ ಮಾತನ್ನು ಯಾರೂ ನನ್ನೆದುರಿಗೆ ಆಡಿಲ್ಲ. ಅದಕ್ಕೇ ನಾನೇ ಮೊದಲು ಹೇಳಿಬಿಡುತ್ತೇನೆ.

ಆಗ ನಾವು ವಾಡಿಯಲ್ಲಿ, ಸಿಮೆಂಟ್ ಕಾರ್ಖಾನೆಯವರ ಕ್ವಾರ್ಟರ್ಸಿನಲ್ಲಿದ್ದೆವು. ಎರಡು ಕೋಣೆ, ಹಿಂದೊಂದು ಹಿತ್ತಲು, ಹಿತ್ತಲಲ್ಲಿ ಒಂದು ಬೇವಿನ ಗಿಡ. ಮನೆಯಲ್ಲಿ ಮೂರೇ ಮಂದಿ: ಪಾಳಿಯ ಮೇಲೆ ಕೆಲಸಕ್ಕೆ ಹೋಗುವ ನನ್ನ ಗಂಡ, ಅವರ ತಾಯಿ, ನಾನು. ಅತ್ತೆ ಕೊಡ್ಲಿ ಎಂಬ ಊರಿನ ಕಡೆಯವರು. ಮಾವ ತೀರಿಕೊಂಡ ಮೇಲೆ ಮಗನ ಹತ್ತಿರ ಇರಲು ಬರುವಾಗ ಒಂದು ಗಂಟು ಬಟ್ಟೆ, ಎರಡು ಕೋಳಿ ಹಿಡಿದುಕೊಂಡು ಬಂದಿದ್ದರಂತೆ. ಗೂಡು ಕಟ್ಟಿದ್ದೂ ಅವರೇ. ನಮ್ಮ ಕಡೆ ಕಲ್ಲಿಗೇನು ಬರ? ಶಹಾಬಾದಿನ ಪರಸಿ ಹಾಸುಗಲ್ಲಿನ ಒಡಕು ಚೂರುಗಳು ಎಲ್ಲರ ಹಿತ್ತಲಲ್ಲೂ ಬಿದ್ದಿರುತ್ತವೆ. ಮೂರು ಕಡೆ ಮೂರು ಪರಸಿ ನಿಲ್ಲಿಸಿ, ಮೇಲೊಂದು ಹೊಚ್ಚಿ, ಬಾಯಿಗೆ ಇನ್ನೊಂದನ್ನು ಆನಿಸಿ ಇಟ್ಟರೆ ಗೂಡು. ನಾಯಿ ಅದನ್ನು ಬೀಳಿಸಲಾರದು, ಬೆಕ್ಕು ಸರಿಸಲಾರದು.

ಆದರೆ ಒಂದು ಕಟ್ಟಳೆ ಇತ್ತು. ಸಂಜೆ ಕೋಳಿಗಳನ್ನು ಒಳಗೆ ಬಿಡುವ ಮುಂಚೆ ಬಗ್ಗಿ, ಗೂಡಿನೊಳಗೆ ತೋಳು ಚಾಚಿ, ಮೂಲೆಮೂಲೆ ಸವರಿ ನೋಡಬೇಕು. ತತ್ತಿ ತಿನ್ನಲು ಬಂದದ್ದೇನಾದರೂ ಒಳಗೇ ಕೂತಿದ್ದರೆ, ಕಲ್ಲು ಮುಚ್ಚಿದ ಮೇಲೆ ಅದೂ ಹೊರಗೆ ಬರಲಾರದು, ಕೋಳಿಗಳೂ ಬರಲಾರವು. ಅತ್ತೆಗೆ ಮೊಣಕಾಲು ನೋವು ಶುರುವಾದಂದಿನಿಂದ ಈ ಕೆಲಸ ನನ್ನ ಪಾಲಿಗೆ ಬಂದಿತ್ತು.

ಆ ವರ್ಷ ಶ್ರಾವಣದಲ್ಲಿ ನನಗೆ ಹೆಣ್ಣು ಕೂಸು ಹುಟ್ಟಿ, ಹತ್ತೊಂಬತ್ತನೆಯ ದಿನ ತೀರಿಹೋಯಿತು. ಇನ್ನೂ ಹೆಸರಿಟ್ಟಿರಲಿಲ್ಲ. ನನ್ನ ತಾಯಿ ಮೊದಲೇ ತೀರಿಕೊಂಡಿದ್ದರಿಂದ ಬಾಣಂತನ ಅತ್ತೆಯ ಕೈಯಲ್ಲೇ ಆಗಿತ್ತು. ಕೂಸು ಹೋದ ಮೇಲೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ದುಃಖ ಅಂತಲೂ ಅಲ್ಲ. ರೊಟ್ಟಿ ಬಡಿ ಅಂದರೆ ಬಡಿಯುತ್ತಿದ್ದೆ. ಹಂಚಿನ ಮೇಲೆ ಅದು ಕರಿದಾಗಿ ಹೊಗೆ ಎದ್ದರೂ ನೋಡುತ್ತ ಕೂತಿರುತ್ತಿದ್ದೆ. ಉಣ್ಣು ಅಂದರೆ ಉಂಡೆ, ಮಲಗು ಅಂದರೆ ಮಲಗಿದೆ. ಮೈಮೇಲೆ ಇನ್ನೊಬ್ಬರ ಸೀರೆ ಉಟ್ಟುಕೊಂಡು ಓಡಾಡಿದ ಹಾಗೆ ಇತ್ತು.

ದೀಪಾವಳಿ ಮುಗಿದ ವಾರ. ಸಂಜೆ ಕೋಳಿಗಳು ಗೂಡಿನ ಬಾಯಿಗೆ ಬಂದು ನಿಂತವೇ ಹೊರತು ಒಳಗೆ ಹೋಗಲೊಲ್ಲವು. ಹುಂಜ ಕುತ್ತಿಗೆ ಚಾಚಿ ನೋಡಿ ರೆಕ್ಕೆ ಬಡಿದು ಹಿಂದಕ್ಕೆ ಸರಿಯಿತು. ಕೈ ಹಾಕಿ ನೋಡಬೇಕು ಎನ್ನುವುದು ಮರೆತಿತ್ತು ಅಂತ ಸುಳ್ಳು ಹೇಳಲಾರೆ. ನೆನಪಿತ್ತು. ಬಗ್ಗಬೇಕಲ್ಲ, ಅನ್ನಿಸಿತು, ಅಷ್ಟೇ. ಒಂದೊಂದನ್ನೇ ಹಿಡಿದು ಒಳಗೆ ದಬ್ಬಿ ಕಲ್ಲು ಮುಚ್ಚಿದೆ. ಕಾರ್ಖಾನೆಯ ಸದ್ದಿನಲ್ಲಿ ನಮ್ಮ ಸಾಲಿನವರಿಗೆ ಯಾರಿಗೂ ಏನೂ ಕೇಳಿಸಲಿಲ್ಲವಂತೆ. ನನಗೆ ಕೇಳಿಸಿರಬೇಕು. ಕೇಳಿಸಿಯೂ ಎದ್ದಿರಲಿಕ್ಕಿಲ್ಲ.

ಬೆಳಿಗ್ಗೆ ಕಲ್ಲು ಸರಿಸಿದಾಗ ಮುಂಗುಸಿ ನನ್ನ ಪಾದದ ಮೇಲೆ ಹಾಯ್ದು ಬೇಲಿಗೆ ಓಡಿತು. ಒಳಗೆ ಹನ್ನೊಂದೂ ಸತ್ತಿದ್ದವು. ಪೂರಾ ತಿಂದದ್ದು ಒಂದೂ ಇರಲಿಲ್ಲ. ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದು ನೋಡಿದರು. ಕೈ ಹಾಕಿ ನೋಡಿದ್ದೆಯಾ ಅಂತ ಕೇಳಿದರು. ಇಲ್ಲ ಅಂದೆ. ಬೈದಿದ್ದರೆ ಛಲೋ ಇತ್ತು. ಬುಟ್ಟಿ ತಂದು, ಒಂದೊಂದನ್ನೇ ಕಾಲು ಹಿಡಿದು ಎತ್ತಿ ಹಾಕಿದರು. ನಾನು ಗೂಡು ತೊಳೆದೆ. ಕಲ್ಲಿನ ರಕ್ತ ಬೇಗ ಹೋಗುವುದಿಲ್ಲ ಅನ್ನುವುದು ಅವತ್ತು ಗೊತ್ತಾಯಿತು.

ಪಾಳಿ ಮುಗಿಸಿ ಬಂದ ಗಂಡ ಖಾಲಿ ಗೂಡು ನೋಡಿದರು, ನನ್ನನ್ನು ನೋಡಿದರು, ಕೈಕಾಲು ತೊಳೆದುಕೊಂಡು ಒಳಗೆ ಹೋದರು. ತಾಯಿಯ ಹತ್ತಿರ ಅವರು ಆಡಿದ ಮಾತು ಅಡುಗೆಮನೆಯ ಈಚೆಗೂ ಕೇಳಿಸಿತು.

"ಆಕಿಗಿ ತವರಿಗಿ ಕಳಿಸೂನವ್ವ. ಅಲ್ಲೇ ಇರ್ಲಿ ಸ್ವಲ್ಪ ದಿನ. ಇಲ್ಲಿದ್ದು ಏನ್ ಮಾಡ್ತಾಳ?"

ಅವರು ಕೆಟ್ಟವರಲ್ಲ. ಕೂಸನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದವರು ಅವರೇ. ಬಂದು ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನನ್ನ ಮುಖ ನೋಡುವುದು ಅವರಿಗೆ ಆಗುತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ. ಅವತ್ತೇ ಚಿಂಚೋಳಿಗೆ ನನ್ನ ಅಣ್ಣನಿಗೆ ಕಾರ್ಡು ಬರೆದು ಹಾಕಿದರು: ಬಂದು ಕರೆದುಕೊಂಡು ಹೋಗಿರಿ ಅಂತ. ಎಷ್ಟು ದಿನಕ್ಕೆ ಅಂತ ಬರೆಯಲಿಲ್ಲ. ನಮ್ಮ ಹಿಂದಿನ ಸಾಲಿನಿಂದ ಒಬ್ಬಳನ್ನು ಹೀಗೇ ಆರಾಮಾಗಲಿ ಅಂತ ಮೂರು ತಿಂಗಳಿಗೆ ತವರಿಗೆ ಕಳಿಸಿದ್ದರು. ವರ್ಷ ತುಂಬುವುದರೊಳಗೆ ಆ ಮನೆಯ ಹಗ್ಗದ ಮೇಲೆ ಬೇರೊಬ್ಬಳ ಸೀರೆ ಒಣಗುತ್ತಿತ್ತು. ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ನನ್ನ ತವರಿನಲ್ಲಾದರೂ ಯಾರಿದ್ದರು, ಅಣ್ಣ ಮತ್ತು ಅವನ ಹೆಂಡತಿ. ಆಕೆಗೆ ನಾನು ಬೇಕಿರಲಿಲ್ಲ. ಇಷ್ಟೆಲ್ಲ ತಿಳಿದೂ ನನಗೆ ಹೆದರಿಕೆ ಆಗಲಿಲ್ಲ. ಕಳಿಸಿದರೆ ಹೋಗುವುದು ಅಂದುಕೊಂಡು ಅಕ್ಕಿ ಆರಿಸುತ್ತ ಕೂತೆ.

ಮರುದಿನ ಅತ್ತೆ ಆ ಮೊಣಕಾಲು ಎಳೆದುಕೊಂಡೇ ಮನೆಮನೆ ತಿರುಗಲು ಹೊರಟರು. ಹುಂಜ ಇರುವ ಮನೆ ನೋಡಿ ಒಂದು, ಎರಡು ತತ್ತಿ ಬೇಡಿ ತಂದರು. ಅಂಗಡಿಯ ತತ್ತಿ ಅವರ ಕಣ್ಣಿಗೆ ತತ್ತಿಯೇ ಅಲ್ಲ. ಒಂದೊಂದನ್ನೂ ಮುಷ್ಟಿಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ ನೋಡಿ ಹದಿಮೂರು ಆರಿಸಿದರು. ರೈಲ್ವೆ ಕ್ವಾರ್ಟರ್ಸಿನಲ್ಲಿ ಎಲ್ಲರೂ ಖಾಲಾ ಅಂತ ಕರೆಯುವ ಒಬ್ಬ ಮುಸ್ಲಿಂ ಹೆಂಗಸಿದ್ದರು. ಅವರ ಕೋಳಿ ಕಾವಿಗೆ ಬಂದಿತ್ತು. ಅದನ್ನು ಪಾಲಿಗೆ ಕೇಳಿ ತಂದರು. ಪಾಲು ಅಂದರೆ, ಆದ ಮರಿಗಳಲ್ಲಿ ಅರ್ಧ ಕೋಳಿಯವರಿಗೆ, ಅರ್ಧ ಸಾಕಿದವರಿಗೆ. ಬುಟ್ಟಿಗೆ ಉಸುಕು ಹಾಕಿ, ಮೇಲೆ ಹುಲ್ಲು ಹಾಸಿ, ತತ್ತಿ ಕೆಡದಿರಲಿ ಅಂತ ಒಂದು ಇದ್ದಿಲ ಚೂರು, ಒಂದು ಹಳೆಯ ಮೊಳೆ ಇಟ್ಟು ನನ್ನನ್ನು ಕರೆದರು. ನೀನೇ ಇಡು ಅಂದರು. ಇಟ್ಟೆ. ಹದಿಮೂರು ತತ್ತಿ ಇಟ್ಟು, ಮೇಲೆ ಕೋಳಿ ಕೂಡಿಸಿ, ಕೈ ಒರೆಸಿಕೊಂಡು ಎದ್ದು ಬಂದೆ.

ಮೂರು ದಿನಕ್ಕೆ ಅಣ್ಣ ಬಂದ. ಚಿಂಚೋಳಿಯ ಮಗ್ಗುಲಿನ ಚಂದಾಪುರದಿಂದ ಸೇಡಂಗೆ ಬಸ್ಸು, ಅಲ್ಲಿಂದ ಚಿತ್ತಾಪುರದ ಮೇಲೆ ರೈಲು. ಧೂಳು ಕೊಡವಿಕೊಂಡು ಮಂಚದ ಮೇಲೆ ಕೂತ. ನಾನು ಸೀರೆಗಳನ್ನು ಚೀಲಕ್ಕೆ ತುಂಬಿ ಇಟ್ಟುಕೊಂಡಿದ್ದೆ. ಅತ್ತೆ ಚಹಾ ತಂದಿಟ್ಟು, ಬಾಗಿಲಿಗೆ ಅಡ್ಡ ಕೂತರು.

"ಸಿಟ್ಟಾಗಬ್ಯಾಡ್ರಿ ತಮ್ಮಾ, ಆಕಿಗಿ ಕಳಸ್ಲಿಕ್ಕಿ ಬರಂಗಿಲ್ಲ. ಕಾವಿಗಿ ತತ್ತಿ ಇಟ್ಟಾಳ. ಇಟ್ಟ ಕೈ ಮರಿ ಆಗೂತನಕ ಊರ ಸೀಮಿ ದಾಟಬಾರ್ದು. ದಾಟಿದ್ರ ಒಂದೂ ಉಳಿಯಂಗಿಲ್ಲ."

ಹಾಗೊಂದು ಪದ್ಧತಿ ಇದೆಯೇನು ಅಂತ ಅಣ್ಣ ಕೇಳಿದ. ನಮ್ಮ ಕೊಡ್ಲಿ ಕಡೆ ಅದೆ ಅಂದರು. ಕೊಡ್ಲಿ ಏನು ನಮ್ಮ ಚಿಂಚೋಳಿಗೆ ದೂರದ ಊರಲ್ಲ. ಆದರೆ ಕೋಳಿ, ಕಾವು ಇವೆಲ್ಲ ಹೆಂಗಸರ ವಿಷಯ, ಗಂಡಸು ಅದರಲ್ಲಿ ಎಷ್ಟಂತ ವಾದಿಸುತ್ತಾನೆ? ಚಹಾ ಕುಡಿದು, ಊಟ ಮಾಡಿ, ಸಂಜೆಯ ರೈಲಿಗೆ ಹೊರಟ. ಅವನ ಮುಖದಲ್ಲಿ ಹಗುರಾದದ್ದು ಕಂಡಿತು. ನಾನು ಸೀರೆಗಳನ್ನು ಚೀಲದಿಂದ ತೆಗೆದು ಮತ್ತೆ ಹಗ್ಗದ ಮೇಲೆ ಹಾಕಿದೆ. ಗಂಡ ಮಾತ್ರ ಕೋಳಿ ಹೆಚ್ಚೋ ಮನುಷ್ಯರು ಹೆಚ್ಚೋ ಅಂತ ಎರಡು ದಿನ ಗೊಣಗಿದರು.

ಇನ್ನೊಂದು ಕೆಲಸವೂ ನನ್ನ ಕೊರಳಿಗೆ ಬಿತ್ತು. ದಿನಾ ಮಧ್ಯಾಹ್ನ ಕಲ್ಲಿನ ಗಣಿಯಲ್ಲಿ ಮದ್ದು ತುಂಬಿ ಸುರಂಗ ಹಾರಿಸುತ್ತಿದ್ದರು. ಮೊದಲು ಸೈರನ್, ಆಮೇಲೆ ಢಂ ಅಂತ ನೆಲ ನಡುಗುವುದು, ಗೋಡೆಯ ಮಾಡದಲ್ಲಿನ ತಟ್ಟೆಗಳು ಗಲಗಲ ಅನ್ನುವುದು. ಆ ನಡುಕಕ್ಕೆ ತತ್ತಿಯೊಳಗಿನ ಜೀವ ಸಾಯುತ್ತದೆ ಅಂತ ಕ್ವಾರ್ಟರ್ಸಿನ ಹೆಂಗಸರೆಲ್ಲ ನಂಬಿದ್ದರು. ಅದಕ್ಕೆ ಸೈರನ್ ಕೂಗಿದ ಕೂಡಲೇ ಬುಟ್ಟಿಯನ್ನು ಕೋಳಿಯ ಸಮೇತ ಎತ್ತಿ ಮಡಿಲಲ್ಲಿ ಇಟ್ಟುಕೊಂಡು, ಸದ್ದು ಪೂರಾ ಮುಗಿಯುವವರೆಗೆ ಕೂರಬೇಕು. ಅದೂ ತತ್ತಿ ಇಟ್ಟವಳೇ ಕೂರಬೇಕು ಅಂದರು ಅತ್ತೆ. ಕೂತೆ. ಕೋಳಿಗೆ ನಾನು ಹೊಸಬಳು, ಮುಂಗೈ ಕುಕ್ಕಿ ಕುಕ್ಕಿ ಗಾಯ ಮಾಡಿತು. ಮೊದಲ ವಾರ ಅದು ನೋಯಲೇ ಇಲ್ಲ. ರಕ್ತ ಬಂದದ್ದನ್ನು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದೆ. ಎರಡನೆಯ ವಾರ ಒಂದು ದಿನ ಹಾಳಾದ್ದು ಎಲ್ಲಿ ಕುಕ್ಕಿತೋ, ಎವ್ವಾ ಅಂದುಬಿಟ್ಟೆ. ಒಲೆಯ ಮುಂದಿದ್ದ ಅತ್ತೆ ತಟ್ಟನೆ ತಿರುಗಿ ನೋಡಿದರು. ಅರಿಶಿನ ತಂದು ಗಾಯಕ್ಕೆ ಒತ್ತಿ ಮತ್ತೆ ರೊಟ್ಟಿಯ ಕಡೆ ಹೋದರು.

ಹತ್ತೊಂಬತ್ತನೆಯ ದಿನ ಬಂತು. ನಾನು ಎಣಿಸುತ್ತಿದ್ದೆ ಅಂತ ಅವತ್ತೇ ನನಗೆ ಗೊತ್ತಾದದ್ದು. ಬೆಳಗಿನಿಂದ ಬುಟ್ಟಿಯ ಹತ್ತಿರದಿಂದ ಏಳಲಿಲ್ಲ. ಅವತ್ತು ಏನೂ ಆಗಲಿಲ್ಲ. ಇಪ್ಪತ್ತನೆಯ ದಿನವೂ ಆಗಲಿಲ್ಲ. ಇಪ್ಪತ್ತೊಂದರ ಬೆಳಿಗ್ಗೆ ಕೋಳಿಯ ಹೊಟ್ಟೆಯ ಕೆಳಗೆ ಕೈ ಹಾಕಿದರೆ ಒದ್ದೆಯಾದದ್ದೇನೋ ಬೆರಳಿಗೆ ಒತ್ತಿಕೊಂಡಿತು. ಹದಿಮೂರರಲ್ಲಿ ಒಂಬತ್ತು ಮರಿ ಆದವು. ಸಂತೋಷ ಆಯಿತು ಅಂದರೆ ಹೆಚ್ಚು ಹೇಳಿದಂತೆ. ನೀರಿಗೆ ತಟ್ಟೆ ಇಡಬೇಕು, ಹದ್ದು ಕಾಯಬೇಕು ಅಂತ ಹೊಳೆಯಿತು, ಅಷ್ಟೇ. ಆದರೆ ಅದು ಯಾರೂ ಹೇಳದೆ ನನಗೇ ಹೊಳೆಯಿತು.

ಮರಿಗಳ ಮೈ ಇನ್ನೂ ಒಣಗುವುದರೊಳಗೆ ಅತ್ತೆ ಇನ್ನೊಂದು ಮನೆಯ ಕಾವಿನ ಕೋಳಿ ತಂದು, ಎರಡನೆಯ ಬುಟ್ಟಿ ಮುಂದಿಟ್ಟು, ನೀನೇ ಇಡು ಅಂದರು. ಅಣ್ಣ ಮತ್ತೆ ಬಂದ, ಮತ್ತೆ ಚಹಾ ಕುಡಿದು ಹೋದ. ಸಂಕ್ರಾಂತಿ ಕಳೆದ ಮೇಲೆ ಮೂರನೆಯ ಬುಟ್ಟಿ. ಆ ಸಲ ಅವನು ಬರಲೇ ಇಲ್ಲ, ಕೋಳಿ ಎದ್ದ ಮೇಲೆ ತಿಳಿಸಿರಿ ಅಂತ ಕಾರ್ಡು ಹಾಕಿದ. ಹದ್ದು ಮೂರು ಮರಿ ಎತ್ತಿಕೊಂಡು ಹೋಯಿತು, ಖಾಲಾ, ಉಳಿದ ಕೋಳಿಯವರು ತಮ್ಮ ತಮ್ಮ ಪಾಲು ಒಯ್ದರು. ಆದರೂ ಹೋಳಿ ಹುಣ್ಣಿಮೆಗೆ ಗೂಡಿನಲ್ಲಿ ಹದಿನಾಲ್ಕು ಕೋಳಿಗಳಾದವು. ಸಂಜೆಯಾದರೆ ನಾನು ನೆಲಕ್ಕೆ ಮೊಣಕಾಲೂರಿ ತೋಳು ಒಳಗೆ ಚಾಚಿ ಸವರಿ ನೋಡುತ್ತಿದ್ದೆ, ಎರಡೆರಡು ಸಲ.

ಬಿಸಿಲು ಏರಿತು. ಬೇಸಿಗೆಯಲ್ಲಿ ತತ್ತಿ ನಿಲ್ಲುವುದಿಲ್ಲ, ಯಾರೂ ಕಾವಿಗೆ ಕೂಡಿಸುವುದಿಲ್ಲ. ಇನ್ನು ನನ್ನನ್ನು ತಡೆಯುವುದಕ್ಕೆ ಬುಟ್ಟಿ ಇರಲಿಲ್ಲ. ಅತ್ತೆ ಆ ದಿನಗಳಲ್ಲಿ ಸರಿಯಾಗಿ ಊಟ ಮಾಡಲಿಲ್ಲ, ಮಗ ಪೋಸ್ಟ್ ಕಾರ್ಡು ಕೈಗೆತ್ತಿಕೊಂಡರೆ ಯಾರಿಗೆ ಅಂತ ಕೇಳುತ್ತಿದ್ದರು. ಒಂದು ದಿನ ಗಂಡ ಊಟಕ್ಕೆ ಕೂತವರು, ನನ್ನ ಕಡೆ ನೋಡಿ, ಈ ಸಲ ಎಷ್ಟು ಹ್ಯಾಟಿ, ಎಷ್ಟು ಹುಂಜ ಆದವು ಅಂತ ಕೇಳಿದರು. ಹತ್ತು ಹ್ಯಾಟಿ, ನಾಲ್ಕು ಹುಂಜ ಅಂದೆ. ಹುಂಜ ಹೆಚ್ಚಾದವು, ಅಂದರು. ಕೂಸು ಹೋದ ಮೇಲೆ ನಾವಿಬ್ಬರೂ ಮಾತು ಅಂತ ಆಡಿದ್ದು ಅದೇ ಮೊದಲು. ಅಣ್ಣನಿಗೆ ಆಮೇಲೆ ಕಾರ್ಡು ಹೋಗಲಿಲ್ಲ.

ನಾನು ಪೂರಾ ಸರಿಹೋದೆ ಅಂತ ಇವತ್ತಿಗೂ ಹೇಳಲಾರೆ. ಆಮೇಲೆ ಇಬ್ಬರು ಗಂಡುಮಕ್ಕಳು ಹುಟ್ಟಿದರು, ಶಾಲೆಗೆ ಹೋಗತೊಡಗಿದರು. ಕಾವಿಗೆ ತತ್ತಿ ಇಟ್ಟಾಗಲೆಲ್ಲ ನಾನು ಊರ ಗಡಿ ದಾಟುತ್ತಿರಲಿಲ್ಲ. ಹಾಗೆ ಅಣ್ಣನ ಮಗಳ ಮದುವೆಗೆ ಹೋಗುವುದೂ ನನಗೆ ತಪ್ಪಿತು. ಅಣ್ಣನಿಗೆ ಸಿಟ್ಟು ಬಂದು ವರ್ಷಗಟ್ಟಲೆ ಮಾತು ಬಿಟ್ಟ.

ಒಂದು ಚಳಿಗಾಲ ನನ್ನ ಕೈಗೆ ಸುಟ್ಟ ಗಾಯವಾಗಿತ್ತು ಅಂತ ಅತ್ತೆಯೇ ಬುಟ್ಟಿಗೆ ತತ್ತಿ ಇಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ ಇಳಕಲ್ ಸೀರೆ ಉಟ್ಟು, ಚೀಲ ಕಟ್ಟಿಕೊಂಡು ಹೊರಟು ನಿಂತಿದ್ದಾರೆ. ಸೇಡಂನಲ್ಲಿ ತಂಗಿಯ ಮೊಮ್ಮಗನ ತೊಟ್ಟಿಲಂತೆ, ನಾಲ್ಕು ದಿನ ಬರುವುದಿಲ್ಲವಂತೆ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಅತ್ತಿ, ನಿನ್ನಿ ನೀವೇ ತತ್ತಿ ಇಟ್ಟೀರಲ್ರಿ. ಸೀಮಿ ದಾಟಿದ್ರ ಕೆಡಂಗಿಲ್ಲೇನ್ರಿ?"

ಅವರು ಚಪ್ಪಲಿಗೆ ಕಾಲು ತೂರಿಸುತ್ತ, ತಲೆ ಎತ್ತದೆಯೇ ಹೇಳಿದರು.

"ಅದು ನಿನಗಷ್ಟ ಇತ್ತು. ಬದಿಗಿ ಸರಿ, ರೈಲು ತಪ್ಪತದ."