ಅಂಜಲನ್ನು ಜೀವಂತವಾಗಿ ನೋಡಿದ್ದು

ನಮ್ಮದು ಶನಿವಾರಸಂತೆ ಕಡೆಯ, ಮೀನು ಮಾಂಸ ಮುಟ್ಟದ ಮನೆತನ. ನನ್ನ ಹೆಂಡತಿಯ ತವರೂ ಹಾಗೆಯೇ. ಮದುವೆಯಾದ ಮೇಲೆ ನಾವು ಅಮ್ಮತ್ತಿಗೆ ಬಂದೆವು. ನಾನು ಅಲ್ಲೊಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಅವಳು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಬಂದ ವರ್ಷವೇ ಒಂದು ದಿನ ಅವಳು ಸಂತೆಯಿಂದ ಬೀನ್ಸು, ಬದನೆಕಾಯಿಯ ಜೊತೆಗೆ ಕಾಗದದಲ್ಲಿ ಸುತ್ತಿದ ಮೀನಿನ ತಲೆಯೊಂದನ್ನೂ ತಂದಳು.

"ಇದೇನೇ ಇದು?" ಎಂದೆ.

"ಅಂಜಲ್ ಮೀನು ಕಣ್ರೀ. ಅಡುಗೆಗಲ್ಲ, ಹೆದರ್ಬೇಡಿ. ನಾಳೆ ಮಕ್ಕಳಿಗೆ ಹಲ್ಲು ತೋರಿಸ್ಬೇಕು."

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅದನ್ನಿಟ್ಟು, ಕಡ್ಡಿಯಿಂದ ಬಾಯಿ ಅಗಲಿಸಿ ನನ್ನನ್ನು ಕರೆದಳು. ನಾನು ಮೂಗು ಮುಚ್ಚಿಕೊಂಡೇ ಬಗ್ಗಿ ನೋಡಿದೆ. ದವಡೆಯ ಉದ್ದಕ್ಕೂ ಚಪ್ಪಟೆಯಾದ, ಮೂರು ಮೂಲೆಯ ಹಲ್ಲುಗಳು, ಚಾಕುವಿನ ತುದಿಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿದಂತೆ.

"ಇವು ಅಗಿಯೋ ಹಲ್ಲಲ್ಲ, ಕತ್ತರಿಸೋ ಹಲ್ಲು. ಮತ್ತಿ ಮೀನಿನ ಹಿಂಡಿನ ಮಧ್ಯೆ ನುಗ್ಗಿದ್ರೆ ಎರಡು ತುಂಡೇ" ಎಂದಳು. ಬೇರೆ ಹೆಂಗಸರು ಒಡವೆ ಅಂಗಡಿಯಲ್ಲಿ ನಿಂತಾಗ ಇರುವಂಥ ಮುಖ ಅವಳದಾಗಿತ್ತು.

ಅಲ್ಲಿಂದ ಮುಂದೆ ಅದು ರೂಢಿಯಾಯಿತು. ಸಂತೆಯಲ್ಲಿ ಮೀನು ಮಾರುತ್ತಿದ್ದ ಮಲಯಾಳಿ ಗೃಹಸ್ಥರು ಅವಳನ್ನು ದೂರದಿಂದಲೇ ಕರೆಯುತ್ತಿದ್ದರು. "ಟೀಚರೇ, ಇವತ್ತು ಅಯಕೂರ ಉಂಟು. ತಲೆ ನಿಮ್ಗೆ ಅಂತ ಐಸಲ್ಲಿ ಇಟ್ಟಿದೀನಿ." ಅವರ ಅಯಕೂರವೇ ಇವಳ ಅಂಜಲ್. ಒಮ್ಮೊಮ್ಮೆ ಸಣ್ಣದೊಂದು ಇಡೀ ಮೀನನ್ನೇ ತರುತ್ತಿದ್ದಳು. ಅದರ ಹೊಟ್ಟೆ ಸೀಳಿ ತೋರಿಸಿದ್ದನ್ನು ಮಕ್ಕಳಿಗಿಂತ ಮೊದಲು ಕಲಿತವನು ನಾನು. ಬೇರೆ ಎಷ್ಟೋ ಮೀನುಗಳಿಗೆ ಮೇಲೆ ತೇಲಲು ಒಳಗೊಂದು ಗಾಳಿಚೀಲ ಇರುತ್ತದಂತೆ. ಇದಕ್ಕೆ ಅದಿಲ್ಲ. ಈಜು ನಿಲ್ಲಿಸಿದರೆ ಮುಳುಗುತ್ತದೆ, ಆದ್ದರಿಂದ ಹುಟ್ಟಿದಾಗಿನಿಂದ ಸಾಯುವ ತನಕ ಈಜುತ್ತಲೇ ಇರಬೇಕು. ಚಿಪ್ಪು ಕೈಗೆ ಹತ್ತದಷ್ಟು ಸಣ್ಣದು. ಮರಿಗಳು ದಡದ ಹತ್ತಿರ, ಹೊಳೆ ಕಡಲು ಸೇರುವಲ್ಲಿನ ಕಲಕು ನೀರಿನಲ್ಲಿ ಬೆಳೆಯುತ್ತವೆ. ಬಲಿತ ಮೇಲೆ ಆಚೆ, ನೀರಡಿಯ ಬಂಡೆಗಳ ಸುತ್ತ ಬೇಟೆಯಾಡುತ್ತವೆ. ಮೈಮೇಲಿನ ಪಟ್ಟೆಗಳೂ ಬೆಳೆದಂತೆ ಹೆಚ್ಚುತ್ತವೆ. ಸಂಜೆ ಕೂಲಿಯವರ ಲೈನ್ ಮನೆಗಳ ಕಡೆಯಿಂದ ಬರುವಾಗ ಇದನ್ನೆಲ್ಲ ಮೇಸ್ತ್ರಿಗೆ ಹೇಳಿದರೆ, ಇವರಿಗೇನಾಯಿತು ಎಂಬಂತೆ ಅವನು ನನ್ನ ಮುಖ ನೋಡಿದ್ದೂ ಉಂಟು.

ಎರಡು ವರ್ಷದ ಹಿಂದೆ ಒಂದು ಸಂತೆಯ ದಿನ, ನಾನೂ ಜೊತೆಗಿದ್ದೆ. ಮೀನಿನವರು ಸುಮ್ಮನೆ ಕೇಳಿದರು: "ಟೀಚರ್ ಇದನ್ನ ಕಡಲಲ್ಲಿ ನೋಡಿದೀರಾ?"

"ಇಲ್ಲ" ಎಂದಳು. ಆ ಒಂದು ಮಾತಿನಲ್ಲಿದ್ದ ಆಸೆ ಅವರಿಗೂ ಕೇಳಿಸಿರಬೇಕು.

"ನನ್ನ ತಂಗಿ ಗಂಡಂದು ದೋಣಿ ಉಂಟು, ತಲಶ್ಶೇರಿಯಲ್ಲಿ. ರಜೆಯಲ್ಲಿ ಬನ್ನಿ. ನಾನೂ ಬರ್ತೇನೆ."

ದೀಪಾವಳಿ ರಜೆಯಲ್ಲಿ ಹೋದೆವು. ಮಾಕುಟ್ಟದ ಘಾಟಿ ಇಳಿಯುವಾಗಲೇ ನನಗೆ ಹೊಟ್ಟೆ ತೊಳಸುತ್ತಿತ್ತು. ದೋಣಿಯಲ್ಲಿ ಕೂತ ಮೇಲಂತೂ ಕೇಳುವುದೇ ಬೇಡ. ದೋಣಿಯವರು ಮಾತು ಕಡಿಮೆಯ ಮನುಷ್ಯ. ದಡ ತೆಂಗಿನ ಸಾಲಾಗಿ ಕಿರಿದಾದ ಮೇಲೆ, ಹೊಳೆಯುವ ತಗಡಿನ ಚೂರು ಕಟ್ಟಿದ ಗಾಳವನ್ನು ಹಿಂದೆ ಇಳಿಬಿಟ್ಟು ದೋಣಿ ಓಡಿಸತೊಡಗಿದರು. ಗಾಳದ ಹತ್ತಿರ ದಾರದ ಬದಲು ತಂತಿ ಇತ್ತು. ಹೆಂಡತಿ ಅದನ್ನು ತೋರಿಸಿ, "ಹಲ್ಲಿಗೆ ನೋಡಿ ಎಷ್ಟು ಮರ್ಯಾದೆ" ಎಂದಳು. ನಾನು ಕಣ್ಣು ಮುಚ್ಚಿಕೊಂಡೇ ಹೂಂಗುಟ್ಟಿದೆ.

ಬಹಳ ಹೊತ್ತು ಏನೂ ಆಗಲಿಲ್ಲ. ಬಿಸಿಲು ಏರಿತು. ವಾಪಸು ಹೋಗೋಣ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ದೋಣಿಯವರು ಎಂಜಿನ್ ತಗ್ಗಿಸಿ ಕೈ ತೋರಿಸಿದರು. ಅಷ್ಟು ದೂರದಲ್ಲಿ ನೀರು ಕುದಿಯುವ ಎಸರಿನಂತೆ ಕಾಣುತ್ತಿತ್ತು. ಮೇಲೆ ಕಡಲ ಹಕ್ಕಿಗಳ ಗಲಾಟೆ.

"ಮತ್ತಿ ಹಿಂಡು. ಕೆಳಗಿಂದ ಓಡಿಸ್ತಾ ಉಂಟು" ಎಂದರು ಮೀನಿನವರು.

ಓಡಿಸುತ್ತಿರುವುದು ಯಾವುದು ಎಂದು ಯಾರೂ ಕೇಳಬೇಕಾಗಿರಲಿಲ್ಲ. ನೀರಿನಿಂದ ಉದ್ದನೆಯ ಮೀನೊಂದು ನೆಟ್ಟಗೆ ಮೇಲೆದ್ದಿತು. ಆಳೆತ್ತರಕ್ಕೂ ಮೇಲೆ ಹೋಗಿ, ಅಲ್ಲಿ ಬಾಗಿ, ತಲೆ ಕೆಳಗಾಗಿ ಸದ್ದಿಲ್ಲದೆ ನೀರು ಹೊಕ್ಕಿತು. ಬೆನ್ನು ನೀಲಿ, ಮಗ್ಗುಲು ಬೆಳ್ಳಿ. ಕುಡುಗೋಲಿನಂಥ ಬಾಲ ಕೊನೆಗೆ ಮರೆಯಾಯಿತು. ಹಿಂದೆಯೇ ಇನ್ನೊಂದು.

ನನ್ನ ಹೆಂಡತಿ ಎದ್ದು ನಿಂತುಬಿಟ್ಟಿದ್ದಳು.

"ಇರಿಕ್ಕ್ ಟೀಚರೇ, ಇರಿಕ್ಕ್" ಎಂದರು ದೋಣಿಯವರು. ಅವರು ಕೂರಲು ಹೇಳುತ್ತಿದ್ದುದು ಅವಳ ಕಿವಿಗೆ ಬೀಳಲೇ ಇಲ್ಲ. ನಾನು ಸೆರಗು ಹಿಡಿದು ಎಳೆದು ಕೂರಿಸಬೇಕಾಯಿತು. ನನ್ನ ಹೊಟ್ಟೆ ತೊಳಸು ಯಾವಾಗ ನಿಂತಿತೋ ತಿಳಿಯದು.

ಸ್ವಲ್ಪ ಹೊತ್ತಿಗೆ ಗಾಳದ ದಾರ ಬಿಗಿಯಿತು. ದೋಣಿಯವರು ಎಳೆಯುವುದು, ಮೀನು ಒಯ್ಯುವುದು. ಅವರ ಅಂಗೈಯಲ್ಲಿ ದಾರದ ಗೆರೆ ಕೆಂಪಗೆ ಮೂಡಿತು. ಕೊನೆಗೆ ಅದು ದೋಣಿಯೊಳಗೆ ಬಿದ್ದಾಗ ಹಲಗೆಗಳೆಲ್ಲ ದಡಬಡ ಎಂದವು. ಅಮ್ಮತ್ತಿಯಲ್ಲಿ ನಾನು ನೋಡುತ್ತಿದ್ದ ಬೂದು ಬಣ್ಣದ ಮೀನಲ್ಲ ಇದು. ಬೆನ್ನಿನ ಮೇಲೆ ನವಿಲಿನ ಕತ್ತಿನ ನೀಲಿ, ಅದರ ಕೆಳಗೆ ಹಸಿರಿನ ಹೊಳಪು. ಪಟ್ಟೆಗಳು ಈಗಷ್ಟೇ ಬಳಿದಂತೆ ಇದ್ದವು. ಅವಳು ಪಕ್ಕ ಕೂತು ಅದರ ಮೈಮೇಲೆ ಅಂಗೈ ಇಟ್ಟಳು.

"ನಡುಗ್ತಾ ಇದೆ ಕಣ್ರೀ."

ನಾವು ನೋಡುತ್ತಿದ್ದಂತೆಯೇ ಆ ನೀಲಿ ಬತ್ತಿತು. ಹಸಿರು ಹೋಯಿತು. ಉಳಿದದ್ದು ಸಂತೆಯ ಬೂದು. ಬಿಡಿಸಿಬಿಡಿ ಎನ್ನಲು ನನಗೆ ಯಾವ ಹಕ್ಕೂ ಇರಲಿಲ್ಲ. ಅದು ಅವರ ಅನ್ನ. ಅವಳೂ ಹಾಗೆ ಕೇಳಲಿಲ್ಲ. ಕೈ ಮಾತ್ರ ತೆಗೆಯಲಿಲ್ಲ.

ದಡದಲ್ಲಿ ದೋಣಿಯವರ ಹೆಂಡತಿ ನಮಗಾಗಿ ಮೀನಿಲ್ಲದೆ ಬೇರೆ ಸಾರು ಮಾಡಿ, ಹೊಸ ಪಾತ್ರೆಯಲ್ಲಿ ಮಾಡಿದ್ದು ಎಂದು ಮೀನಿನವರ ಬಾಯಲ್ಲಿ ಎರಡು ಸಲ ಹೇಳಿಸಿದರು. ಹೊಟ್ಟೆ ತುಂಬ ಉಂಡೆವು.

ಘಾಟಿ ಹತ್ತುವಾಗ ಅವಳು ಕಿಟಕಿಗೆ ಒರಗಿದ್ದಳು. ನಿದ್ದೆ ಬಂತೇನೋ ಎಂದುಕೊಂಡೆ.

"ಬಾಗಿ ಇಳೀತಲ್ಲ, ಆಗ ನೀರು ಚಿಮ್ಮಲೇ ಇಲ್ಲ. ನೀವು ಗಮನಿಸಿದ್ರಾ?" ಎಂದಳು.

ಮರುವರ್ಷ ಹೆಡ್‌ಮಾಸ್ಟರರನ್ನು ಒಪ್ಪಿಸಿ ಒಂಬತ್ತನೇ ಕ್ಲಾಸನ್ನು ಬಸ್ಸಿನಲ್ಲಿ ತಲಶ್ಶೇರಿಗೆ ಕರೆದುಕೊಂಡು ಹೋದಳು. ಅರ್ಧ ಮಕ್ಕಳು ಘಾಟಿಯಲ್ಲೇ ವಾಂತಿ ಮಾಡಿಕೊಂಡರಂತೆ. ದೋಣಿಗೆ ಯಾರನ್ನೂ ಹತ್ತಿಸಲಿಲ್ಲ, ದಡದಲ್ಲಿ ನಿಂತೇ ನೋಡಿದರು. ಆ ದಿನ ಯಾವ ಮೀನೂ ಹಾರಲಿಲ್ಲವಂತೆ. ಆದರೂ ಮಕ್ಕಳು ಬಿಸಿಲಿಳಿಯುವವರೆಗೆ ನೀರಿನ ಮೇಲಿಂದ ಕಣ್ಣು ತೆಗೆಯಲಿಲ್ಲ ಎಂದು ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ನನಗೆ ಹೇಳಿದಳು.